ನಾಯಿಗಳಿರುವ ತೋಟಗಳಲ್ಲಿ ಸೌರ ವಿದ್ಯುತ್ ಬೇಲಿಯ ಸುರಕ್ಷಿತ ಬಳಕೆ

ಮಂಗಳೂರು ನಗರದ ಅಂಚಿನಲ್ಲಿರುವ ನೀರುಮಾರ್ಗ, ವಾಮಂಜೂರು, ಕುಡುಪು, ಅಡ್ಯಾರು, ಗುರುಪುರ, ಬಜ್ಪೆ ಮುಂತಾದ ಕಡೆಗಳಲ್ಲಿ ಅಡಿಕೆ, ತೆಂಗು, ಬಾಳೆ ಹಾಗೂ ತರಕಾರಿ ಬೆಳೆಯುವ ಕುಟುಂಬಗಳು ಇಂದಿಗೂ ಸಾಕಷ್ಟಿವೆ. ಹಿಡುವಳಿಗಳು ಸಣ್ಣವು, ಮನೆ, ಕೊಟ್ಟಿಗೆ, ಬಾವಿ, ತೋಟ ಎಲ್ಲವೂ ಒಂದೇ ಆವರಣದಲ್ಲಿರುವುದು ಸಾಮಾನ್ಯ. ಕಾಡುಹಂದಿ, ಮುಳ್ಳುಹಂದಿ, ಮಂಗ ಮತ್ತು ನವಿಲುಗಳ ಹಾವಳಿಯಿಂದ ಬೆಳೆ ಉಳಿಸಿಕೊಳ್ಳಲು ಅನೇಕ ರೈತರು ಸೌರ ವಿದ್ಯುತ್ ಬೇಲಿಯನ್ನು ಅಳವಡಿಸುತ್ತಿದ್ದಾರೆ. ನಮ್ಮ ಭಾಗದಲ್ಲಿ ಇದನ್ನು ಸೋಲಾರ್ ಬೇಲಿ ಅಥವಾ ಐಬೆಕ್ಸ್ ಬೇಲಿ ಎಂದು ಕರೆಯುವುದು ರೂಢಿ.

ಬೇಲಿಯ ವಿನ್ಯಾಸ ಮಾಡುವಾಗ ಹಂದಿಯ ಎತ್ತರವನ್ನೂ ಮಂಗನ ಜಿಗಿತವನ್ನೂ ಲೆಕ್ಕ ಹಾಕುವ ನಾವು ಮನೆಯ ನಾಯಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೇಲಿ ಬರುವ ಮೊದಲು ತೋಟ ಕಾಯುತ್ತಿದ್ದುದು ನಾಯಿಯೇ. ಬೇಲಿ ಬಂದ ಮೇಲೂ ಮಂಗ ಮತ್ತು ನವಿಲುಗಳನ್ನು ಓಡಿಸುವ ಕೆಲಸ ಅದರದೇ. ಒಮ್ಮೆ ಕೆಟ್ಟ ರೀತಿಯಲ್ಲಿ ಶಾಕ್ ತಗುಲಿದ ನಾಯಿ ತೋಟದ ಕಡೆಗೆ ಹೋಗುವುದನ್ನೇ ಬಿಡಬಹುದು, ಗಾಬರಿಯಿಂದ ರಸ್ತೆಗೆ ಓಡಬಹುದು, ಪಕ್ಕದಲ್ಲಿದ್ದ ಮಗುವನ್ನು ಕಚ್ಚಬಹುದು. ತಂತಿಯಲ್ಲಿ ಸಿಕ್ಕಿಕೊಂಡರೆ ಸಾಯಲೂಬಹುದು. ಬೇಲಿಯ ಕೆಳಭಾಗವನ್ನು ಆ ಆವರಣದಲ್ಲಿ ಓಡಾಡುವ ಅತಿ ಸಣ್ಣ ನಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದರೆ ಇಂತಹ ಅವಘಡಗಳಲ್ಲಿ ಹೆಚ್ಚಿನವನ್ನು ತಪ್ಪಿಸಬಹುದು.

ಬೇಲಿಯ ಮಿಡಿತ ಮತ್ತು ಮನೆಯ ಕರೆಂಟು

ಪ್ರಮಾಣಿತ ಎನರ್ಜೈಸರ್ ಯಂತ್ರವು ತಂತಿಯಲ್ಲಿ ನಿರಂತರವಾಗಿ ವಿದ್ಯುತ್ ಹರಿಸುವುದಿಲ್ಲ. ಸುಮಾರು ಸೆಕೆಂಡಿಗೊಂದರಂತೆ ಮಿಡಿತಗಳನ್ನು ಕಳುಹಿಸುತ್ತದೆ. ಒಂದೊಂದು ಮಿಡಿತದ ಅವಧಿ ಸಾಮಾನ್ಯವಾಗಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ತಂತಿಯಲ್ಲಿ ವೋಲ್ಟೇಜ್ 5,000ದಿಂದ 9,000ದವರೆಗೆ ಇದ್ದರೂ ಅವಧಿ ಅತ್ಯಲ್ಪವಾದುದರಿಂದ ದೇಹಕ್ಕೆ ಸೇರುವ ಶಕ್ತಿ ಕಡಿಮೆ. ಈ ಶಕ್ತಿಯನ್ನು ಜೂಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಬೇಲಿ ಎನರ್ಜೈಸರ್‌ಗಳಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 302-2-76. ಅಂತರರಾಷ್ಟ್ರೀಯ ಮಾನಕದಂತೆ, 500 ಓಮ್ ಪ್ರತಿರೋಧಕ್ಕೆ ಒಂದು ಮಿಡಿತದಲ್ಲಿ 5 ಜೂಲ್‌ಗಿಂತ ಹೆಚ್ಚು ಶಕ್ತಿ ಹೋಗಬಾರದು. ಎರಡು ಮಿಡಿತಗಳ ನಡುವಿನ ಬಿಡುವಿನಲ್ಲಿ ಸ್ನಾಯುಗಳು ಸಡಿಲಗೊಳ್ಳುತ್ತವೆ, ಪ್ರಾಣಿ ಹಿಂದಕ್ಕೆ ಸರಿಯುತ್ತದೆ. ಬೇಲಿಯ ಸುರಕ್ಷತೆ ನಿಂತಿರುವುದೇ ಈ ಬಿಡುವಿನ ಮೇಲೆ.

ಮನೆಗೆ ಅಥವಾ ಪಂಪ್‌ಸೆಟ್ಟಿಗೆ ಬರುವ 230 ವೋಲ್ಟ್ ವಿದ್ಯುತ್ತಿನಲ್ಲಿ ಇಂತಹ ಬಿಡುವಿಲ್ಲ. ತಂತಿ ತಗುಲಿದ ಕೂಡಲೇ ಸ್ನಾಯುಗಳು ಬಿಗಿದುಕೊಳ್ಳುತ್ತವೆ; ನಾಯಿಯಾಗಲಿ, ದನವಾಗಲಿ, ಮನುಷ್ಯನಾಗಲಿ ಬಿಡಿಸಿಕೊಳ್ಳಲಾರರು. ಫ್ಯೂಸ್ ಇದೆ ಎಂದು ಧೈರ್ಯಪಡುವವರಿದ್ದಾರೆ. ಹತ್ತನೇ ಒಂದು ಆಂಪಿಯರ್ ಪ್ರವಾಹ ಹೃದಯದ ಮೂಲಕ ಹಾದುಹೋದರೆ ಮನುಷ್ಯ ಸಾಯಬಹುದು. 5 ಆಂಪಿಯರ್ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಇನ್ನು ಕೆಲವರು ಸಾಲಿನಲ್ಲಿ ಒಂದು ಬಲ್ಬ್ ಜೋಡಿಸಿ ತಂತಿಗೆ ಕರೆಂಟು ಕೊಟ್ಟರೆ ಅಪಾಯವಿಲ್ಲ ಎಂದು ನಂಬಿದ್ದಾರೆ. 100 ವ್ಯಾಟಿನ ಬಲ್ಬ್ 0.4 ಆಂಪಿಯರ್‌ಗಿಂತ ಹೆಚ್ಚು ಪ್ರವಾಹವನ್ನು ಬಿಡುತ್ತದೆ. ಕೊಲ್ಲಲು ಇದು ಬೇಕಾದುದಕ್ಕಿಂತ ಹೆಚ್ಚು.

ಬೇಲಿಗೆ ಲೈನಿನಿಂದ ನೇರವಾಗಿ ವಿದ್ಯುತ್ ಹಾಯಿಸುವುದು ಅಪರಾಧವೂ ಹೌದು. ಕಂಬದಿಂದ ಕೊಕ್ಕೆ ಹಾಕಿ ಎಳೆದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಕಳ್ಳತನ; ನೀರಾವರಿಗೆ ಪಡೆದ ಸಂಪರ್ಕವನ್ನು ಬೇಲಿಗೆ ಬಳಸಿದರೆ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆ. ಅದರಿಂದ ಮನುಷ್ಯ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಅನ್ವಯಿಸುತ್ತದೆ. ಪಕ್ಕದ ಮನೆಯ ನಾಯಿಯನ್ನು ಹಾಗೆ ಕೊಂದರೆ 325ನೇ ಸೆಕ್ಷನ್ ಮತ್ತು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇವೆ. ಕಾಡುಹಂದಿಯೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಟ್ಟ ಪ್ರಾಣಿ ಎಂಬುದನ್ನು ನೆನಪಿಡಬೇಕು. ಈ ಲೇಖನದಲ್ಲಿ ಮುಂದೆ ಹೇಳಿರುವುದೆಲ್ಲವೂ ಪ್ರಮಾಣಿತ ಎನರ್ಜೈಸರ್ ಇರುವ ಬೇಲಿಗೆ ಮಾತ್ರ ಸಂಬಂಧಿಸಿದ್ದು.

ನಾಯಿಗೆ ನಿಜವಾದ ಅಪಾಯ ಎಲ್ಲಿದೆ

ನಾಯಿ ಹೊಸ ವಸ್ತುವನ್ನು ಮೂಗಿನಿಂದ ಪರೀಕ್ಷಿಸುತ್ತದೆ. ಮೂಗು ಒದ್ದೆಯಾಗಿದ್ದು ಅದರ ಮೇಲೆ ಕೂದಲಿಲ್ಲದಿರುವುದರಿಂದ ಮೊದಲ ಶಾಕ್ ಬಲವಾಗಿಯೇ ತಗುಲುತ್ತದೆ. ನಾಯಿ ಕಿರುಚಿ ಹಿಂದಕ್ಕೆ ಹಾರುತ್ತದೆ. ಮತ್ತೆ ಆ ಕಡೆಗೆ ಸುಳಿಯುವುದಿಲ್ಲ. ಬೇಲಿ ಕೆಲಸ ಮಾಡಬೇಕಾದ ರೀತಿ ಇದೇ. ಆರೋಗ್ಯವಂತ ನಾಯಿಗೆ ಇದರಿಂದ ಶಾಶ್ವತ ಹಾನಿಯಾಗುವುದು ತೀರಾ ವಿರಳ.

ಅಪಾಯವಿರುವುದು ನಾಯಿ ಹಿಂದಕ್ಕೆ ಬರುವ ಬದಲು ಮುಂದಕ್ಕೆ ನುಗ್ಗಿದಾಗ. ತಲೆ ಅಥವಾ ಕುತ್ತಿಗೆ ತಂತಿಯನ್ನು ದಾಟಿದ ಮೇಲೆ ಶಾಕ್ ತಗುಲಿದರೆ ನಾಯಿ ಮುಂದಕ್ಕೇ ಓಡುತ್ತದೆ. ತಂತಿ ಸಡಿಲವಾಗಿದ್ದರೆ ಕಾಲಿಗೋ ಕುತ್ತಿಗೆಗೋ ಸುತ್ತಿಕೊಳ್ಳುತ್ತದೆ. ಆಮೇಲೆ ಸೆಕೆಂಡಿಗೊಂದು ಮಿಡಿತದಂತೆ ಹತ್ತು ನಿಮಿಷದಲ್ಲಿ 600 ಸಲ ಶಾಕ್ ತಗುಲುತ್ತದೆ. ನಾಯಿ ಸಾಯುವುದು ಮೊದಲ ಮಿಡಿತಕ್ಕಲ್ಲ. ಬಿಡಿಸಿಕೊಳ್ಳಲಾಗದೆ ದಣಿದು, ಉಸಿರಾಡಲಾಗದೆ, ಕುತ್ತಿಗೆ ಬಿಗಿದು ಸಾಯುತ್ತದೆ. ಆದುದರಿಂದ ಎಷ್ಟು ವೋಲ್ಟ್ ಎಂಬ ಪ್ರಶ್ನೆಗಿಂತ ನಾಯಿಗೆ ಹಿಂದಕ್ಕೆ ಸರಿಯಲು ದಾರಿ ಇದೆಯೇ ಎಂಬ ಪ್ರಶ್ನೆ ದೊಡ್ಡದು.

ಗಾತ್ರದ ಮಾತು ಇಲ್ಲಿ ಎರಡು ರೀತಿಯಲ್ಲಿ ಬರುತ್ತದೆ. ಹೃದಯದ ಬಡಿತವನ್ನು ಕೆಡಿಸಲು ಬೇಕಾಗುವ ವಿದ್ಯುತ್ ಪ್ರವಾಹವು ದೇಹದ ತೂಕ ಕಡಿಮೆಯಾದಂತೆ ಕಡಿಮೆಯಾಗುತ್ತದೆ ಎಂಬುದನ್ನು ಅಮೆರಿಕದ ಚಾರ್ಲ್ಸ್ ಡಾಲ್ಜಿಯಲ್ ಮೊದಲಾದವರ ಸಂಶೋಧನೆಗಳು ಕಳೆದ ಶತಮಾನದಲ್ಲಿಯೇ ತೋರಿಸಿವೆ. ಎಂದರೆ 6 ಕಿಲೋ ತೂಗುವ ನಾಯಿಗೆ 30 ಕಿಲೋ ನಾಯಿಗಿರುವಷ್ಟು ಸಹನಶಕ್ತಿ ಇಲ್ಲ. ಎರಡನೆಯದು ಎತ್ತರ. ದೊಡ್ಡ ನಾಯಿಯ ಮೂಗಿಗೆ ತಗುಲುವ ತಂತಿ ಸಣ್ಣ ನಾಯಿಯ ಬೆನ್ನಿನ ಮೇಲೆ ಹಾದುಹೋಗುತ್ತದೆ.

ಗಾತ್ರಕ್ಕೆ ತಕ್ಕಂತೆ ತಂತಿಯ ಎತ್ತರ

ಕಾಡುಹಂದಿಯನ್ನು ತಡೆಯಲು ಕೆಳಗಿನ ತಂತಿಯನ್ನು ನೆಲದಿಂದ 20ರಿಂದ 25 ಸೆಂ.ಮೀ. ಎತ್ತರದಲ್ಲಿ, ಅಂದರೆ ಸುಮಾರು ಒಂದು ಗೇಣಿನ ಎತ್ತರದಲ್ಲಿ ಎಳೆಯುವುದು ವಾಡಿಕೆ. ತೊಂದರೆ ಆರಂಭವಾಗುವುದು ಇಲ್ಲಿಯೇ.

ಡ್ಯಾಷ್‌ಹಂಡ್‌ನ ಹೆಗಲಿನ ಎತ್ತರ 20ರಿಂದ 27 ಸೆಂ.ಮೀ. ಮಾತ್ರ. ನಮ್ಮಲ್ಲಿ ಪೊಮೇರಿಯನ್ ಎಂದು ಕರೆಯುವ ಬಿಳಿಯ ಸ್ಪಿಟ್ಜ್ ನಾಯಿ ಅದಕ್ಕಿಂತ ತುಸು ಎತ್ತರ. ನಾಯಿಮರಿಗಳೂ ಇದೇ ಗುಂಪಿಗೆ ಸೇರುತ್ತವೆ. ಇವು ತಲೆ ತಗ್ಗಿಸಿ ತಂತಿಯ ಕೆಳಗೆ ನುಸುಳುತ್ತವೆ. ತಂತಿ ಬೆನ್ನಿಗೆ ತಗುಲುತ್ತದೆ. ದಟ್ಟ ಕೂದಲಿದ್ದರೆ ಒಮ್ಮೆ ಏನೂ ಆಗುವುದಿಲ್ಲ, ನಾಯಿ ದಾಟಿಹೋಗುತ್ತದೆ. ಮತ್ತೊಮ್ಮೆ ಮಳೆಯಲ್ಲಿ ಕೂದಲು ನೆನೆದಿದ್ದಾಗ ಅದೇ ಜಾಗದಲ್ಲಿ ಬಲವಾದ ಶಾಕ್ ತಗುಲುತ್ತದೆ, ಅದೂ ಅರ್ಧ ದೇಹ ಆಚೆಗಿರುವಾಗ. ಕೆಳಗಿನ ತಂತಿಯನ್ನು ಇನ್ನಷ್ಟು ತಗ್ಗಿಸಿ ಇದಕ್ಕೆ ಪರಿಹಾರ ಹುಡುಕುವುದು ಸರಿಯಲ್ಲ. 15 ಸೆಂ.ಮೀ.ಗಿಂತ ಕೆಳಗೆ ವಿದ್ಯುತ್ ತಂತಿ ಎಳೆದರೆ ಮಳೆಗಾಲದಲ್ಲಿ ಹುಲ್ಲು ತಾಗಿ ಬೇಲಿ ಸೊರಗುತ್ತದೆ. ಅದಲ್ಲದೆ ಆಮೆ ಮತ್ತು ಚಿಪ್ಪುಹಂದಿಯಂತಹ ಪ್ರಾಣಿಗಳು ಶಾಕ್ ತಗುಲಿದಾಗ ಓಡದೆ ಅಲ್ಲಿಯೇ ಮುದುಡಿಕೊಳ್ಳುವುದರಿಂದ ಸಾಯುತ್ತವೆ.

ಹತ್ತು ಕಿಲೋಗಿಂತ ಕಡಿಮೆ ತೂಕದ ನಾಯಿಗಳನ್ನು ವಿದ್ಯುತ್ ತಂತಿಯಿಂದ ತಡೆಯುವ ಪ್ರಯತ್ನವನ್ನೇ ಮಾಡದಿರುವುದು ಒಳ್ಳೆಯದು. ಅವುಗಳಿಗೆ ಬೇಕಾದುದು ಸಾಮಾನ್ಯ ಜಾಲರಿ. ವಿದ್ಯುತ್ ಬೇಲಿಯ ಒಳಬದಿಯಲ್ಲಿ, ಅದರಿಂದ ಕನಿಷ್ಠ 1 ಮೀಟರ್ ಬಿಟ್ಟು, ಮನೆಯಂಗಳದ ಸುತ್ತ ಮೂರು ಅಡಿ ಎತ್ತರದ ತಂತಿಬಲೆ ಕಟ್ಟಿದರೆ ಸಾಕು. ಇಡೀ ತೋಟಕ್ಕೆ ಕಟ್ಟಬೇಕಾಗಿಲ್ಲ. ಹೀಗೆ ಅಂಗಳವನ್ನು ಪ್ರತ್ಯೇಕಿಸಿದರೆ ಮಕ್ಕಳಿಗೂ ರಕ್ಷಣೆ ದೊರೆಯುತ್ತದೆ. ಕೋಳಿ ಮತ್ತು ಆಡುಗಳಿಗೆಂದು ಮಾರುವ, ಬಲೆಯೇ ವಿದ್ಯುತ್ ಹರಿಸುವಂತಹ ವಿದ್ಯುತ್ ಬಲೆಗಳನ್ನು ಸಣ್ಣ ನಾಯಿಗಳಿರುವಲ್ಲಿ ಬಳಸಬಾರದು. ಬಲೆಯ ಕಣ್ಣಿನೊಳಗೆ ತಲೆ ತೂರಿಸಿದ ನಾಯಿ ಹಿಂದಕ್ಕೆ ಬರಲಾರದು.

ಊರಿನ ನಾಟಿ ನಾಯಿಗಳು ಮಧ್ಯಮ ಗಾತ್ರದವು. ಸಾಮಾನ್ಯವಾಗಿ 15ರಿಂದ 25 ಕಿಲೋ ತೂಗುತ್ತವೆ, ಹೆಗಲಿನ ಎತ್ತರ ಒಂದೂವರೆ ಅಡಿಯಿಂದ ಎರಡು ಅಡಿ. ಬೇಲಿಯೊಂದಿಗೆ ಹೊಂದಿಕೊಳ್ಳುವುದರಲ್ಲಿ ಇವುಗಳಷ್ಟು ಜಾಣ ನಾಯಿಗಳಿಲ್ಲ ಎನ್ನಬಹುದು. 25 ಸೆಂ.ಮೀ. ಮತ್ತು 45 ಸೆಂ.ಮೀ. ಎತ್ತರದಲ್ಲಿ ಎರಡು ಬಿಗಿಯಾದ ತಂತಿಗಳಿದ್ದರೆ ಮೂಗು ಅವುಗಳಲ್ಲಿ ಒಂದಕ್ಕೆ ತಾಗದೆ ತಲೆ ಒಳಹೋಗುವುದು ಕಷ್ಟ. ನಡೆಯುವಾಗ ನಾಯಿಯ ಮೂಗು ಹೆಗಲಿನ ಎತ್ತರದ ಸುಮಾರು ಮೂರನೇ ಎರಡು ಭಾಗದಲ್ಲಿರುತ್ತದೆ ಎಂದು ಎಣಿಸಿ ಒಂದು ತಂತಿಯನ್ನು ಆ ಮಟ್ಟದಲ್ಲಿಯೇ ಎಳೆಯಬೇಕು. ಮನೆಯ ನಾಯಿಯನ್ನು ನಿಲ್ಲಿಸಿ ಟೇಪಿನಿಂದ ಅಳೆದರೆ ಈ ಲೆಕ್ಕ ಎರಡು ನಿಮಿಷದ ಕೆಲಸ.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್ ಮುಂತಾದ ದೊಡ್ಡ ನಾಯಿಗಳಿಗೆ 30, 60 ಮತ್ತು 90 ಸೆಂ.ಮೀ. ಎತ್ತರದ ತಂತಿಗಳು ಸೂಕ್ತ. ಇವು ನುಸುಳುವುದಕ್ಕಿಂತ ಹೆಚ್ಚಾಗಿ ಹಾರುತ್ತವೆ. ಹಾರುವಾಗ ಹಿಂಗಾಲು ಮೇಲಿನ ಎರಡು ತಂತಿಗಳ ನಡುವೆ ಸಿಕ್ಕಿ ತಿರುಚಿಕೊಂಡರೆ ನಾಯಿ ತಲೆಕೆಳಗಾಗಿ ನೇತಾಡುತ್ತದೆ. ಇದನ್ನು ತಪ್ಪಿಸಲು ಮೇಲಿನ ತಂತಿಗಳನ್ನು ತೀರಾ ಹತ್ತಿರ ಎಳೆಯಬಾರದು. ಜರ್ಮನ್ ಶೆಫರ್ಡ್‌ನಂತಹ ಎರಡು ಪದರ ಕೂದಲಿನ ನಾಯಿಗೆ ಶಾಕ್ ತಗುಲುತ್ತಿಲ್ಲವೆಂದು ಎನರ್ಜೈಸರಿನ ಶಕ್ತಿ ಹೆಚ್ಚಿಸುವುದೂ ತಪ್ಪು; ತಂತಿಯನ್ನು ಮೂಗಿನ ಮಟ್ಟಕ್ಕೆ ತರುವುದು ಸರಿ.

ಮುಧೋಳ ನಾಯಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಬಾಗಲಕೋಟೆ ಜಿಲ್ಲೆಯ ಈ ಬೇಟೆನಾಯಿ ಎರಡು ಅಡಿಗಿಂತ ಎತ್ತರ, ಮೈ ಮಾತ್ರ ತೆಳು, ಕೂದಲು ತೀರಾ ಗಿಡ್ಡ. ಇದು ವಾಸನೆಗಿಂತ ಕಣ್ಣಿನಿಂದ ಬೇಟೆಯನ್ನು ಹಿಂಬಾಲಿಸುವ ತಳಿ. ಮೊಲವನ್ನೋ ಮಂಗವನ್ನೋ ಕಂಡು ಓಟ ಆರಂಭಿಸಿದರೆ ತೆಳುವಾದ ಜಿ.ಐ. ತಂತಿ ಅದಕ್ಕೆ ಕಾಣಿಸುವುದೇ ಇಲ್ಲ. ಇಂತಹ ನಾಯಿಗಳಿರುವ ತೋಟದಲ್ಲಿ ತಂತಿಗೆ ಎರಡು ಮೂರು ಮೀಟರಿಗೊಂದರಂತೆ ಬಿಳಿ ಪ್ಲಾಸ್ಟಿಕ್ ಪಟ್ಟಿ ಕಟ್ಟಬೇಕು, ಅಥವಾ ಬೇಲಿಯ ಒಳಗಡೆ ಕ್ರೋಟನ್, ದಾಸವಾಳದಂತಹ ಗಿಡಗಳ ಸಾಲನ್ನು ಅಂತರ ಬಿಟ್ಟು ಬೆಳೆಸಬೇಕು.

ಕರಾವಳಿಯ ಮಣ್ಣು ಮತ್ತು ಮಳೆ

ವಿದ್ಯುತ್ ಬೇಲಿಯ ಮಂಡಲ ಪೂರ್ಣವಾಗುವುದು ನೆಲದ ಮೂಲಕ. ಎನರ್ಜೈಸರಿನಿಂದ ಹೊರಟ ಮಿಡಿತ ತಂತಿ, ಪ್ರಾಣಿಯ ದೇಹ, ಪಾದ, ಮಣ್ಣು, ಅರ್ತಿಂಗ್ ಸರಳು ಎಂಬ ದಾರಿಯಲ್ಲಿ ಹಿಂದಿರುಗಬೇಕು. ನಮ್ಮ ಮುರಕಲ್ಲಿನ ನೆಲ ಮಾರ್ಚ್‌ನಿಂದ ಮೇವರೆಗೆ ಒಣಗಿ ಗಟ್ಟಿಯಾಗುತ್ತದೆ. ಆಗ ಬೇಲಿ ದುರ್ಬಲವಾಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದೊಡನೆ ನೆಲವೂ ನಾಯಿಯ ಮೈಯೂ ಒದ್ದೆಯಾಗಿ ಅದೇ ಬೇಲಿ ಬಲವಾಗಿ ಹೊಡೆಯುತ್ತದೆ. ಬೇಸಿಗೆಯಲ್ಲಿ ಬೇಲಿ ಕೆಲಸ ಮಾಡುತ್ತಿಲ್ಲವೆಂದು ಹೆಚ್ಚು ಜೂಲ್‌ನ ಯಂತ್ರ ತಂದವರು ಮಳೆಗಾಲದಲ್ಲಿ ನಾಯಿಯನ್ನು ಕಳೆದುಕೊಳ್ಳುವ ಸಂಭವ ಇರುವುದು ಇದರಿಂದಲೇ.

ದೊಡ್ಡ ಯಂತ್ರದ ಬದಲು ಒಳ್ಳೆಯ ಅರ್ತಿಂಗ್ ಕೊಡಬೇಕು. ಸುಮಾರು ಆರು ಅಡಿ ಉದ್ದದ ಮೂರು ಸರಳುಗಳನ್ನು ಮೂರು ಮೂರು ಮೀಟರ್ ಅಂತರದಲ್ಲಿ ಹೂತು ಒಂದಕ್ಕೊಂದು ಜೋಡಿಸಬೇಕು. ಅಡಿಕೆ ತೋಟಕ್ಕೆ ನೀರು ಬಿಡುವ ಜಾಗ, ಬಚ್ಚಲು ನೀರು ಹರಿಯುವ ಬಾಳೆಬುಡ ಮುಂತಾದ ಸದಾ ತೇವವಿರುವ ಸ್ಥಳವನ್ನು ಆರಿಸಬೇಕು. ಮನೆಯ ವಿದ್ಯುತ್ ಅರ್ತಿಂಗ್‌ನಿಂದ ಕನಿಷ್ಠ 10 ಮೀಟರ್ ದೂರವಿರಬೇಕು. ಅರ್ತಿಂಗ್ ಪರೀಕ್ಷಿಸುವ ವಿಧಾನ ಹೀಗಿದೆ: ಎನರ್ಜೈಸರ್ ಆರಿಸಿ, ಅದರಿಂದ 100 ಮೀಟರ್‌ಗಿಂತ ದೂರದಲ್ಲಿ ಒಂದೆರಡು ಕಬ್ಬಿಣದ ಸರಳುಗಳನ್ನು ನೆಲಕ್ಕೆ ಊರಿ ತಂತಿಗೆ ಒರಗಿಸಬೇಕು. ಯಂತ್ರ ಚಾಲೂ ಮಾಡಿದಾಗ ತಂತಿಯ ವೋಲ್ಟೇಜ್ 2,000ಕ್ಕಿಂತ ಕೆಳಗಿಳಿಯಬೇಕು; ಇಳಿಯದಿದ್ದರೆ ಯಂತ್ರ ಆರಿಸಿ ಇನ್ನಷ್ಟು ಸರಳುಗಳನ್ನು ಒರಗಿಸಬೇಕು. ಆಗ ಅರ್ತಿಂಗ್ ಸರಳಿನ ಮೇಲೆ ಬೇಲಿ ವೋಲ್ಟ್‌ಮೀಟರ್ ಹಿಡಿದರೆ 300 ವೋಲ್ಟ್‌ಗಿಂತ ಹೆಚ್ಚು ತೋರಿಸಬಾರದು. ತೋರಿಸಿದರೆ ಇನ್ನೊಂದು ಸರಳು ಹೂಳಬೇಕು.

ಒಣ ನೆಲಕ್ಕೆ ಪರಿಹಾರವಾಗಿ ಒಂದು ಬಿಟ್ಟು ಒಂದು ತಂತಿಯನ್ನು ಅರ್ತಿಂಗ್‌ಗೆ ಜೋಡಿಸುವ ಪದ್ಧತಿಯೂ ಇದೆ. ಹಂದಿಗೆ ಇದು ಪರಿಣಾಮಕಾರಿ. ಆದರೆ ಎರಡು ತಂತಿಗಳ ನಡುವೆ ಸಿಕ್ಕಿದ ನಾಯಿಗೆ ಮಿಡಿತ ನೆಲದ ಮೂಲಕ ಹೋಗದೆ ಕುತ್ತಿಗೆ ಮತ್ತು ಎದೆಯ ಮೂಲಕವೇ ಪೂರ್ಣ ಬಲದಿಂದ ಹಾಯುತ್ತದೆ. ನಾಯಿಗಳು ಸ್ವತಂತ್ರವಾಗಿ ಓಡಾಡುವ ಆವರಣದಲ್ಲಿ ನೆಲದಿಂದ ಎರಡು ಅಡಿಯವರೆಗಿನ ತಂತಿಗಳಿಗೆ ಈ ಪದ್ಧತಿ ಬೇಡ.

ಮಳೆಗಾಲದಲ್ಲಿ ಅಡಿಕೆ ಸೋಗೆ, ತೆಂಗಿನ ಮಡಲು ಬಿದ್ದು ತಂತಿ ನೆಲಕ್ಕೆ ಜೋತುಬೀಳುವುದು ನಿತ್ಯದ ಸಂಗತಿ. ಜೋತುಬಿದ್ದ ತಂತಿಯೇ ನಾಯಿಯ ಕಾಲಿಗೆ ಸುತ್ತಿಕೊಳ್ಳುವ ತಂತಿ. ಬೆಳಗ್ಗೆ ತೋಟಕ್ಕೆ ಇಳಿಯುವ ಮೊದಲೇ ವೋಲ್ಟ್‌ಮೀಟರ್ ನೋಡಿ, ಹಿಂದಿನ ದಿನಕ್ಕಿಂತ ಕಡಿಮೆ ಇದ್ದರೆ ಯಂತ್ರ ಆರಿಸಿ ಬೇಲಿ ಸುತ್ತಿ ಬರಬೇಕು.

ಯಂತ್ರದ ಆಯ್ಕೆ ಮತ್ತು ಜೋಡಣೆ

ಒಂದು ಎಕರೆ ಚೌಕಾಕಾರದ ತೋಟದ ಸುತ್ತಳತೆ ಸುಮಾರು 255 ಮೀಟರ್. ಐದು ತಂತಿ ಎಳೆದರೂ ಒಟ್ಟು ಒಂದೂಕಾಲು ಕಿಲೋಮೀಟರ್‌ಗಿಂತ ಸ್ವಲ್ಪವಷ್ಟೇ ಹೆಚ್ಚು. ಹುಲ್ಲು ತಾಗದಂತೆ ನೋಡಿಕೊಂಡರೆ ಇದಕ್ಕೆ 1 ಜೂಲ್‌ನ ಯಂತ್ರ ಸಾಕು. ಮಾರಾಟಗಾರರು ಆನೆಗೂ ಆಗುತ್ತದೆ ಎಂದು ಹೇಳಿ ಕೊಡುವ ಯಂತ್ರ ಮಂಗಳೂರಿನ ಅಂಚಿನ ಮನೆತೋಟಕ್ಕೆ ಬೇಕಿಲ್ಲ. ಸ್ಥಳೀಯವಾಗಿ ಟ್ರಾನ್ಸ್‌ಫಾರ್ಮರ್ ಅಥವಾ ವಾಹನದ ಕಾಯಿಲ್ ಬಳಸಿ ಜೋಡಿಸಿದ ಯಂತ್ರಗಳನ್ನು ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಕೊಳ್ಳಬಾರದು.

ಮುಳ್ಳುತಂತಿಗೆ ಎಂದಿಗೂ ಮಿಡಿತ ಕೊಡಬಾರದು. ಹಳೆಯ ಮುಳ್ಳುಬೇಲಿಯನ್ನೇ ಎನರ್ಜೈಸರಿಗೆ ಜೋಡಿಸುವುದು ಕಡಿಮೆ ಖರ್ಚಿನ ಉಪಾಯವೆಂದು ಕಂಡರೂ, ಮುಳ್ಳಿಗೆ ಚರ್ಮ ಸಿಕ್ಕಿಕೊಂಡ ಪ್ರಾಣಿ ಬಿಡಿಸಿಕೊಳ್ಳಲಾರದು. ನೆರೆಮನೆಯವರ ಬೇಲಿ ಬೇರೆ ಯಂತ್ರದಿಂದ ನಡೆಯುತ್ತಿದ್ದರೆ ಎರಡು ಬೇಲಿಗಳ ನಡುವೆ 2.5 ಮೀಟರ್ ಅಂತರವಿರಬೇಕು. ಎರಡನ್ನೂ ಒಟ್ಟಿಗೆ ಮುಟ್ಟಿದ ಪ್ರಾಣಿಗೆ ಮಿಡಿತಗಳ ನಡುವಿನ ಬಿಡುವು ತಪ್ಪಿಹೋಗುತ್ತದೆ. ಮೆಸ್ಕಾಂ ಕಂಬಗಳಿಗೆ ಬೇಲಿಯ ತಂತಿ ಕಟ್ಟಬಾರದು. ದಾರಿಯ ಬದಿಯಲ್ಲಿ ಮತ್ತು ಗೇಟಿನ ಬಳಿ ಹಳದಿ ಬಣ್ಣದ ಎಚ್ಚರಿಕೆ ಫಲಕ ಕಡ್ಡಾಯವಾಗಿ ಇರಬೇಕು.

ಹಂದಿ ಬರುವುದು ರಾತ್ರಿ, ಮಂಗ ಬರುವುದು ಹಗಲು. ಕೆಳಗಿನ ಎರಡು ತಂತಿಗಳನ್ನು ಪ್ರತ್ಯೇಕ ಕಟ್-ಔಟ್ ಸ್ವಿಚ್ಚಿಗೆ ಜೋಡಿಸಿದರೆ ಹಗಲಿನಲ್ಲಿ ಅವುಗಳನ್ನು ಆರಿಸಿ ಮೇಲಿನ ತಂತಿಗಳನ್ನು ಮಾತ್ರ ಚಾಲೂ ಇಡಬಹುದು. ನಾಯಿ ಹಗಲೆಲ್ಲ ತೋಟದಲ್ಲಿ ತಿರುಗಬಹುದು. ಕತ್ತಲಾದ ಮೇಲೆ ಜಾಲರಿಯ ಅಂಗಳದೊಳಗೆ ಇರಬೇಕು. ನಮ್ಮ ಕಡೆ ರಾತ್ರಿ ನಾಯಿಯನ್ನು ಬಿಚ್ಚಿ ಬಿಡುವುದು ಪದ್ಧತಿಯಾದ್ದರಿಂದ ಇದಕ್ಕೆ ಮನೆಯವರೆಲ್ಲರ ಒಪ್ಪಿಗೆ ಬೇಕಾಗುತ್ತದೆ. ರಾತ್ರಿ ಹಂದಿಯನ್ನು ಅಟ್ಟುತ್ತಾ ಓಡುವ ನಾಯಿಯೇ ಬೇಲಿಗೆ ಅತಿ ವೇಗವಾಗಿ ನುಗ್ಗುವ ನಾಯಿ ಎಂಬುದನ್ನು ತಿಳಿಸಿಹೇಳಿದರೆ ಒಪ್ಪುತ್ತಾರೆ.

ಸಂಕೋಲೆಯಲ್ಲಿ ಕಟ್ಟಿದ ನಾಯಿಯ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಕಬ್ಬಿಣದ ಸರಪಳಿ ತಂತಿಗೆ ತಗುಲಿದರೆ ಶಾಕ್ ನೇರವಾಗಿ ಕುತ್ತಿಗೆಗೆ ಬರುತ್ತದೆ, ನಾಯಿಗೆ ಓಡಲು ಜಾಗವೂ ಇರುವುದಿಲ್ಲ. ಸರಪಳಿಯ ಉದ್ದಕ್ಕೆ ನಾಯಿಯ ಉದ್ದವನ್ನೂ ಇನ್ನೊಂದು ಮೀಟರನ್ನೂ ಸೇರಿಸಿ, ಅಷ್ಟು ದೂರದಲ್ಲಿ ಗೂಟ ಹಾಕಬೇಕು. ತೋಟದಲ್ಲಿ ಬಿಡುವಾಗ ಸರಪಳಿಯನ್ನು ಎಳೆದುಕೊಂಡು ಹೋಗಲು ಬಿಡದೆ ಪೂರ್ತಿ ಬಿಚ್ಚಿ, ಬಟ್ಟೆಯ ಅಥವಾ ಚರ್ಮದ ಪಟ್ಟಿ ಮಾತ್ರ ಇರಿಸಬೇಕು.

ನಾಯಿಗೆ ಬೇಲಿಯ ಪರಿಚಯ

ಬೇಲಿ ಹಾಕಿದ ದಿನ ನಾಯಿಯನ್ನು ಹಿಡಿದು ಅದರ ಮೂಗನ್ನು ತಂತಿಗೆ ತಾಗಿಸುವ ಅಭ್ಯಾಸ ಕೆಲವರಲ್ಲಿದೆ. ಇದು ಕ್ರೂರವಷ್ಟೇ ಅಲ್ಲ, ನಿಷ್ಪ್ರಯೋಜಕ. ನೋವು ತಂತಿಯಿಂದ ಬಂತೆಂದು ನಾಯಿ ತಿಳಿಯುವುದಿಲ್ಲ. ಹಿಡಿದವನಿಂದ ಬಂತೆಂದು ತಿಳಿಯುತ್ತದೆ. ಮೊದಲು ಯಂತ್ರ ಆರಿಸಿ, ತಂತಿಗೆ ಬಿಳಿ ಪಟ್ಟಿ ಕಟ್ಟಿ, ನಾಯಿಯನ್ನು ಹಗ್ಗದಲ್ಲಿ ಬೇಲಿಯಿಂದ ಎರಡು ಮೀಟರ್ ದೂರದಲ್ಲಿ ಕೆಲವು ದಿನ ಸುತ್ತಾಡಿಸಬೇಕು. ಪಟ್ಟಿಯ ಕಡೆಗೆ ಹೋದರೆ ಕರೆದು ತಿಂಡಿ ಕೊಡಬೇಕು. ಎಷ್ಟೋ ನಾಯಿಗಳು ಇಷ್ಟರಲ್ಲಿಯೇ ದೂರವಿರಲು ಕಲಿಯುತ್ತವೆ. ಆಮೇಲೆ ಮಳೆಯಿಲ್ಲದ ಒಂದು ಹಗಲು ಯಂತ್ರ ಚಾಲೂ ಮಾಡಿ, ಉದ್ದನೆಯ ಹತ್ತಿಯ ಹಗ್ಗದಲ್ಲಿ ನಾಯಿಯನ್ನು ಬಿಟ್ಟು, ದೂರದಲ್ಲಿ ಸುಮ್ಮನೆ ನಿಲ್ಲಬೇಕು. ಶಾಕ್ ತಗುಲಿದ ಕ್ಷಣದಲ್ಲಿ ಹೆಸರು ಹಿಡಿದು ಕೂಗಬಾರದು. ಮಕ್ಕಳು ಮತ್ತು ಬೇರೆ ನಾಯಿಗಳು ಹತ್ತಿರ ಇರಬಾರದು. ಆರು ತಿಂಗಳಿಗಿಂತ ಸಣ್ಣ ಮರಿ, ಗಬ್ಬದ ನಾಯಿ, ಹೃದಯದ ತೊಂದರೆಯಿರುವ ಮುದಿ ನಾಯಿಗಳಿಗೆ ಈ ಪಾಠ ಬೇಡವೇ ಬೇಡ.

ಬೀದಿನಾಯಿಗಳಿಗೆ ಯಾರೂ ಪರಿಚಯ ಮಾಡಿಸುವುದಿಲ್ಲ. ಅವು ಹೊರಗಿನಿಂದ ಬರುತ್ತವೆ, ಹೆಚ್ಚಾಗಿ ಕೋಳಿಗೂಡಿನ ವಾಸನೆಗೆ ಅಥವಾ ಎಸೆದ ಮೀನಿನ ತ್ಯಾಜ್ಯಕ್ಕೆ. ಬೇಲಿಯ ಬುಡದಲ್ಲಿ ತ್ಯಾಜ್ಯ ಹಾಕದಿದ್ದರೆ ಅರ್ಧ ಸಮಸ್ಯೆ ಮುಗಿಯಿತು. ಬೇಲಿಯ ಹೊರಗೆ ರಸ್ತೆಯಿದ್ದರೆ ನಾಯಿ ಹಿಂದಕ್ಕೆ ಹಾರಿದಾಗ ವಾಹನಕ್ಕೆ ಸಿಕ್ಕದಂತೆ ಬೇಲಿಯನ್ನು ಗಡಿಯಿಂದ ಒಂದೆರಡು ಮೀಟರ್ ಒಳಕ್ಕೆ ಎಳೆಯುವುದು ಉತ್ತಮ.

ಅವಘಡವಾದಾಗ

ನಾಯಿ ತಂತಿಯಲ್ಲಿ ಸಿಕ್ಕಿಕೊಂಡಿರುವುದು ಕಂಡರೆ ನಾಯಿಯ ಕಡೆಗೆ ಓಡಬಾರದು, ಸ್ವಿಚ್ಚಿನ ಕಡೆಗೆ ಓಡಬೇಕು. ಎನರ್ಜೈಸರ್ ಎಲ್ಲಿದೆ, ಹೇಗೆ ಆರಿಸಬೇಕು ಎಂಬುದು ಮನೆಯ ಹಿರಿಯರಿಗೂ ಕೆಲಸದವರಿಗೂ ತಿಳಿದಿರಬೇಕು. ಲೈನಿನ ವಿದ್ಯುತ್ ಇರಬಹುದೆಂಬ ಅನುಮಾನವಿದ್ದರೆ ಮುಟ್ಟದೆ ದೂರ ನಿಂತು 1912ಕ್ಕೆ ಕರೆಮಾಡಿ ಲೈನ್ ಆರಿಸಲು ಹೇಳಬೇಕು. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ; ಗೋಣಿಚೀಲ ಅಥವಾ ದಪ್ಪ ಬಟ್ಟೆ ಹೊದೆಸಿ ಬಿಡಿಸಬೇಕು.

ಪ್ರಜ್ಞೆ ತಪ್ಪಿ ಉಸಿರಾಟ ನಿಂತಿದ್ದರೆ ಅಂಗಾತ ಮಾಡದೆ ಒಂದು ಮಗ್ಗುಲಿಗೆ ಮಲಗಿಸಿ ಎದೆ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ. ಇಲ್ಲಿಯೂ ಗಾತ್ರ ಮುಖ್ಯ. ಸಣ್ಣ ನಾಯಿಯ ಎದೆಯನ್ನು ಒಂದೇ ಕೈಯ ಬೆರಳುಗಳ ನಡುವೆ ಹಿಡಿದು ಒತ್ತಬೇಕು. ದೊಡ್ಡ ನಾಯಿಗೆ ಎರಡೂ ಕೈಗಳಿಂದ ಎದೆಗೂಡಿನ ಅತಿ ಅಗಲವಾದ ಭಾಗದ ಮೇಲೆ ಒತ್ತಬೇಕು. ಮುಧೋಳ ನಾಯಿಯಂತಹ ಕಿರಿದಾದ ಎದೆಯ ತಳಿಗೆ ಮುಂಗಾಲಿನ ಮೊಣಕೈ ತಾಗುವ ಜಾಗದಲ್ಲಿ, ಹೃದಯದ ನೇರಕ್ಕೆ ಒತ್ತಬೇಕು. 30 ಸಲ ಒತ್ತಿದ ಮೇಲೆ ಬಾಯಿ ಮುಚ್ಚಿಹಿಡಿದು ಮೂಗಿನ ಮೂಲಕ ಎರಡು ಸಲ ಉಸಿರು ಊದಬೇಕು.

ಎದ್ದು ನಡೆದಾಡಿದ ನಾಯಿಯನ್ನೂ ಎರಡು ದಿನ ಗಮನಿಸಬೇಕು. ಮುಖ್ಯವಾಗಿ ಲೈನಿನ ವಿದ್ಯುತ್ ತಗುಲಿದ ನಾಯಿಗಳಲ್ಲಿ ಶ್ವಾಸಕೋಶದೊಳಗೆ ನೀರು ತುಂಬಿಕೊಳ್ಳುವ ತೊಂದರೆ 24ರಿಂದ 36 ಗಂಟೆಗಳವರೆಗೂ ತಡವಾಗಿ ಕಾಣಿಸಿಕೊಳ್ಳಬಹುದು. ಕೆಮ್ಮು, ಏದುಸಿರು, ನೀಲಿಗಟ್ಟಿದ ಒಸಡು, ಜೊಲ್ಲು, ಬಾಯಿಯೊಳಗೆ ಸುಟ್ಟ ಗಾಯ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಪಶುಪಾಲನಾ ಇಲಾಖೆಯ ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾ ಸೇವೆಯ ಸಹಾಯವಾಣಿ 1962.

ಬೇಲಿಯ ಸಹಾಯಧನದ ಬಗ್ಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿಯೂ, ವಿನ್ಯಾಸ ಮತ್ತು ಅರ್ತಿಂಗ್ ಕುರಿತು ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ವಿಚಾರಿಸಬಹುದು. ಹೋಗುವಾಗ ತೋಟದ ಸುತ್ತಳತೆಯ ಜೊತೆಗೆ ಮನೆಯ ನಾಯಿಗಳ ತೂಕ ಮತ್ತು ಹೆಗಲಿನ ಎತ್ತರವನ್ನೂ ಬರೆದುಕೊಂಡು ಹೋಗಬೇಕು.